ಒಂದೇ ನೆಲ, ಮೂರು ಮಣ್ಣಿನ ಮಾಡೆಲ್: ಭೂಕಂಪದ ಲೆಕ್ಕ ಎಲ್ಲಿ ಬೇರೆಯಾಗುತ್ತದೆ

ಭೂಕಂಪದ ಅಲೆ ಬಂಡೆಯಿಂದ ಮೇಲೆ ಬರುವಾಗ ನಡುವಿನ ಮಣ್ಣು ಅದನ್ನು ಹಿಗ್ಗಿಸುತ್ತದೆಯೋ, ಕುಗ್ಗಿಸುತ್ತದೆಯೋ? ಇದನ್ನು ತಿಳಿಯಲು ಒಂದೇ ನೆಲದ ಮೇಲೆ ಮೂರು ಬಗೆಯ ಮಾಡೆಲ್ ಓಡಿಸಿ ನೋಡಿದೆ. ಒಟ್ಟು 30 ಮೀಟರ್ ಮಣ್ಣು. ಬಹುಪಾಲು ಮೆತ್ತನೆಯ ಜೇಡಿ, ನಡುವೆ ನೀರು ತುಂಬಿದ ಸಡಿಲ ಮರಳಿನ ಒಂದು ಪದರ. ಶಿಯರ್ ಅಲೆಯ (ಮಣ್ಣನ್ನು ಅಡ್ಡಡ್ಡ ಅಲುಗಿಸುವ ಅಲೆಯ) ವೇಗ ಸೆಕೆಂಡಿಗೆ ಸುಮಾರು 150 ಮೀಟರ್. ದಪ್ಪವನ್ನು ನಾಲ್ಕರಿಂದ ಗುಣಿಸಿ ವೇಗದಿಂದ ಭಾಗಿಸಿದರೆ 0.8 ಸೆಕೆಂಡ್ ಬರುತ್ತದೆ. ಈ ನೆಲ ತಾನಾಗಿ ತೂಗುವ ಅವಧಿ ಅದು.

ಸಣ್ಣ ಕಂಪನ ಕೊಟ್ಟಾಗ ಮೂರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟವು. ಮಣ್ಣಿನ ಸ್ಟ್ರೇನ್, ಅಂದರೆ ಅದು ಓರೆಯಾಗುವ ಪ್ರಮಾಣ, ಶೇಕಡಾ 0.01ರ ಆಸುಪಾಸಿನಲ್ಲಿದ್ದರೆ ಯಾವುದನ್ನು ಆರಿಸಿದರೂ ನಡೆಯುತ್ತದೆ. ಅದೇ ಕಂಪನವನ್ನು ದೊಡ್ಡದು ಮಾಡಿದಾಗ ಮೂರೂ ಮೂರು ದಾರಿ ಹಿಡಿದವು.

ಮೊದಲನೆಯದು ಈಕ್ವಿವಲೆಂಟ್ ಲೀನಿಯರ್. 1972ರಲ್ಲಿ ಬರ್ಕ್ಲಿಯಲ್ಲಿ ಬಂದ ಶೇಕ್ ಪ್ರೋಗ್ರಾಂನಿಂದ ಹಬ್ಬಿದ ಪದ್ಧತಿ. ಪ್ರತಿ ಪದರದ ಗರಿಷ್ಠ ಸ್ಟ್ರೇನ್‌ನಲ್ಲಿ ಸಾಮಾನ್ಯವಾಗಿ 0.65 ಪಾಲು ಹಿಡಿದು, ಅದಕ್ಕೆ ತಕ್ಕ ಗಡಸುತನ ಮತ್ತು ಡ್ಯಾಂಪಿಂಗ್ (ಮಣ್ಣು ಅಲೆಯ ಶಕ್ತಿಯನ್ನು ಹೀರುವ ಪ್ರಮಾಣ) ಹುಡುಕುತ್ತದೆ. ಉತ್ತರ ನಿಲ್ಲುವವರೆಗೆ ಮತ್ತೆ ಮತ್ತೆ ಲೆಕ್ಕ ಹಾಕುತ್ತದೆ. ಕ್ಷಣದಲ್ಲಿ ಮುಗಿಯುತ್ತದೆ, ಕೇಳುವ ಮಾಹಿತಿಯೂ ಕಡಿಮೆ. ತೊಂದರೆ ಏನೆಂದರೆ, ಕಂಪನದ ಮೊದಲ ಸೆಕೆಂಡಿನಿಂದ ಕೊನೆಯವರೆಗೂ ಮಣ್ಣು ಅಷ್ಟೇ ಮೆತ್ತಗಿರುತ್ತದೆ. ಹಾಗಾಗಿ ಸಣ್ಣ, ಚುರುಕು ಅಲೆಗಳಿಗೂ ದೊಡ್ಡ ಅಲೆಗೆ ಸಲ್ಲಬೇಕಾದ ಡ್ಯಾಂಪಿಂಗ್ ಬೀಳುತ್ತದೆ. ನನ್ನ ದೊಡ್ಡ ಕಂಪನದಲ್ಲಿ ಮೇಲ್ಮೈಯ ಚಲನೆ ನುಣ್ಣಗೆ ಉಜ್ಜಿಬಿಟ್ಟಂತೆ ಕಂಡದ್ದು ಇದಕ್ಕೇ.

ಎರಡನೆಯದು ನಾನ್‌ಲೀನಿಯರ್. ಇದು ಮಣ್ಣನ್ನು ಕ್ಷಣ ಕ್ಷಣಕ್ಕೂ ಹಿಂಬಾಲಿಸುತ್ತದೆ. ಹೊರೆ ಇಳಿದು ಮತ್ತೆ ಏರುವ ದಾರಿಗೆ 1926ರ ಮೇಸಿಂಗ್ ನಿಯಮವೇ ಬುನಾದಿ. ಆ ನಿಯಮವನ್ನು ಹಾಗೇ ಬಿಟ್ಟರೆ ದೊಡ್ಡ ಸ್ಟ್ರೇನ್‌ನಲ್ಲಿ ಡ್ಯಾಂಪಿಂಗ್ ಲ್ಯಾಬ್ ತೋರಿಸುವುದಕ್ಕಿಂತ ಜಾಸ್ತಿ ಬರುತ್ತದೆ, ತೀರಾ ಸಣ್ಣದರಲ್ಲಿ ಸೊನ್ನೆಗೆ ಹತ್ತಿರ. ಡೀಪ್‌ಸಾಯಿಲ್‌ನಂಥ ಪ್ರೋಗ್ರಾಂಗಳಲ್ಲಿ ಇದನ್ನು ತಿದ್ದುವ ಆಯ್ಕೆ ಇದೆ. ಅದನ್ನು ಖಂಡಿತ ಬಳಸಿ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಪ್ರೋಗ್ರಾಂ ಅಲ್ಲ, ನಾನು ಅದಕ್ಕೆ ಕೊಟ್ಟ ಕರ್ವ್. ಸ್ಟ್ರೇನ್ ಏರಿದಂತೆ ಮಣ್ಣಿನ ಗಡಸುತನ ಎಷ್ಟು ಇಳಿಯುತ್ತದೆ, ಡ್ಯಾಂಪಿಂಗ್ ಎಷ್ಟು ಏರುತ್ತದೆ ಎಂದು ಹೇಳುವ ಗೆರೆ ಅದು. ಪ್ಲಾಸ್ಟಿಸಿಟಿ ಇಂಡೆಕ್ಸ್ (ಜೇಡಿ ಎಷ್ಟು ಜಿಗುಟು ಎಂಬ ಅಳತೆ) 30ರ ಜೇಡಿಗೆ ವುಸೆಟಿಕ್ ಮತ್ತು ಡೋಬ್ರಿ 1991ರಲ್ಲಿ ಕೊಟ್ಟ ಕರ್ವ್ ಹಾಕಿದ್ದೆ. ಎಲ್ಲರೂ ಹಾಕುವುದೇ ಅಲ್ವಾ? ಆಮೇಲೆ ಕಾಗದದ ಮೇಲೆ ಲೆಕ್ಕ ಮಾಡಿದೆ. ನನ್ನ ಜೇಡಿಯ ಮೂಲ ಶಿಯರ್ ಮಾಡ್ಯುಲಸ್, ಅಂದರೆ ಕಂಪನಕ್ಕೆ ಮೊದಲಿನ ಗಡಸುತನ, ಸುಮಾರು 40 ಮೆಗಾಪಾಸ್ಕಲ್. ಸ್ಟ್ರೇನ್ ಶೇಕಡಾ 1 ಆದಾಗ ಕರ್ವ್ ಪ್ರಕಾರ ಐದನೇ ಒಂದು ಪಾಲು, ಅಂದರೆ 8 ಮೆಗಾಪಾಸ್ಕಲ್ ಉಳಿಯುತ್ತದೆ. ಅದನ್ನು ಸ್ಟ್ರೇನ್‌ನಿಂದ ಗುಣಿಸಿದರೆ 80 ಕಿಲೋಪಾಸ್ಕಲ್. ಲ್ಯಾಬ್ ವರದಿಯಲ್ಲಿ ಈ ಜೇಡಿಯ ಬಲ ಬರೀ 40 ಕಿಲೋಪಾಸ್ಕಲ್! ಇಲ್ಲದ ಬಲವನ್ನು ಮಣ್ಣಿಗೆ ನಾನೇ ಕೊಟ್ಟುಬಿಟ್ಟಿದ್ದೆ.

ಇದರ ಪರಿಣಾಮ ಸಣ್ಣದಲ್ಲ. 8 ಮೀಟರ್ ಆಳದ ಪದರ ತಡೆಯುವುದು 40 ಕಿಲೋಪಾಸ್ಕಲ್ ಆದರೆ, ಅದರ ಮೇಲಿನ ಮಣ್ಣಿನ ಸರಾಸರಿ ವೇಗೋತ್ಕರ್ಷ 0.28 ಜಿ (ಗುರುತ್ವ ವೇಗೋತ್ಕರ್ಷದ 0.28 ಪಾಲು) ದಾಟಲಾರದು. ಬಲವನ್ನು 80 ಎಂದು ಹಿಡಿದರೆ ಮಿತಿ ಸುಮ್ನೆ ಎರಡರಷ್ಟಾಗುತ್ತದೆ. ಶಿಯರ್ ಬಲಕ್ಕೆ ಹೊಂದಿಸಿದ ಕರ್ವ್ ಹಾಕಿ ಮತ್ತೆ ಓಡಿಸಿದೆ. ಮೇಲಿನ ಅಲುಗಾಟ ಇಳಿಯಿತು, ಆ ಪದರದ ಸ್ಟ್ರೇನ್ ಏರಿತು. ಕಟ್ಟಡ ನೋಡುವವರಿಗೆ ಮೊದಲನೆಯದು ಮುಖ್ಯ, ಪೈಲ್ (ನೆಲದೊಳಗೆ ಇಳಿಸುವ ಅಡಿಪಾಯದ ಕಂಬ) ವಿನ್ಯಾಸ ಮಾಡುವವರಿಗೆ ಎರಡನೆಯದು. ತಪ್ಪು ಕರ್ವ್ ಇಬ್ಬರಿಗೂ ತಪ್ಪು ಸಂಖ್ಯೆ ಕೊಡುತ್ತಿತ್ತು.

ಮಾಡೆಲ್‌ಗಿಂತ ಕರ್ವ್ ದೊಡ್ಡದು ಎನ್ನಲು 1985ರ ಮೆಕ್ಸಿಕೊ ಸಿಟಿಯೇ ಸಾಕು. ಭೂಕಂಪದ ಕೇಂದ್ರ ನೂರಾರು ಕಿಲೋಮೀಟರ್ ದೂರ. ಆದರೂ ಹಳೆಯ ಸರೋವರದ ಜೇಡಿ ಸುಮಾರು 2 ಸೆಕೆಂಡ್ ಅವಧಿಯ ಅಲೆಯನ್ನು ವಿಪರೀತ ಹಿಗ್ಗಿಸಿತು. ಅಷ್ಟು ಪ್ಲಾಸ್ಟಿಕ್ ಜೇಡಿ ಸಾಕಷ್ಟು ದೊಡ್ಡ ಸ್ಟ್ರೇನ್‌ನಲ್ಲೂ ಹೆಚ್ಚು ಮೆತ್ತಗಾಗುವುದಿಲ್ಲ, ಡ್ಯಾಂಪಿಂಗೂ ಕಡಿಮೆ. ಅಲ್ಲಿಗೆ ಮರಳಿನ ಕರ್ವ್ ಹಾಕಿ ನೋಡಿ, ಎಷ್ಟೇ ಒಳ್ಳೆಯ ಮಾಡೆಲ್ ಇರಲಿ, ಆ ಅಲೆ ಲೆಕ್ಕದಲ್ಲೇ ಸತ್ತುಹೋಗುತ್ತದೆ.

ಇನ್ನೊಂದು ಮಾತು. ತೆರೆದ ಬಂಡೆಯ ಮೇಲೆ ದಾಖಲಾದ ಕಂಪನಕ್ಕೆ ತಳವನ್ನು ಎಲಾಸ್ಟಿಕ್ (ಕೆಳಗಿಳಿಯುವ ಅಲೆಯನ್ನು ಒಳಗೆ ಬಿಟ್ಟುಕೊಳ್ಳುವ ತಳ) ಎಂದು ಕೊಡಿ, ಬೋರ್‌ಹೋಲ್ ಒಳಗೆ ದಾಖಲಾದದ್ದಕ್ಕೆ ರಿಜಿಡ್ (ಅದನ್ನು ಪೂರ್ತಿ ಹಿಂದಕ್ಕೆ ತಳ್ಳುವ ತಳ) ಎಂದು. ನಾನು ಇದನ್ನು ಅದಲುಬದಲು ಮಾಡಿ ಒಂದು ವಾರದ ಕೆಲಸ ಕಳೆದುಕೊಂಡೆ.

ಮೂರನೆಯದು ಮಣ್ಣಿನ ಕಣಗಳ ನಡುವಿನ ರಂಧ್ರದ ನೀರಿನ ಒತ್ತಡವನ್ನೂ ಲೆಕ್ಕಕ್ಕೆ ತರುವ ಮಾಡೆಲ್. 1995ರ ಕೋಬೆ ಭೂಕಂಪದಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ಪೋರ್ಟ್ ಐಲ್ಯಾಂಡ್‌ನ ಬೋರ್‌ಹೋಲ್ ದಾಖಲೆ ನೋಡಿದರೆ ಇದು ಏಕೆ ಬೇಕೆಂದು ಗೊತ್ತಾಗುತ್ತದೆ. ಉತ್ತರ-ದಕ್ಷಿಣ ದಿಕ್ಕಿನಲ್ಲಿ 83 ಮೀಟರ್ ಆಳದಲ್ಲಿ ಸುಮಾರು 680 ಗಾಲ್ (ವೇಗೋತ್ಕರ್ಷದ ಅಳತೆ; 1 ಜಿ ಎಂದರೆ ಸುಮಾರು 980 ಗಾಲ್), ಮೇಲ್ಮೈಯಲ್ಲಿ ಸುಮಾರು 340. ತುಂಬಿದ ಮಣ್ಣು ದ್ರವದಂತಾಗಿ, ಮೇಲೆ ಅಲೆಗಳು ಉದ್ದುದ್ದವಾದವು. ಗರಿಷ್ಠ ಮೌಲ್ಯವನ್ನು ಉಳಿದೆರಡು ಮಾಡೆಲ್ ಹೇಗೋ ಹತ್ತಿರ ತರಬಹುದು, ಈ ನಿಧಾನವಾಗುವಿಕೆಯನ್ನು ತೋರಿಸಲಾರವು. ನನ್ನ ಮರಳಿನ ಪದರದಲ್ಲೂ ಹೀಗೇ ಆಯಿತು. ಆದರೆ ಈ ಮಾಡೆಲ್ ಕೇಳುವ ಸೈಕ್ಲಿಕ್ ಪರೀಕ್ಷೆಗಳು (ಮಣ್ಣಿನ ಮೇಲೆ ಹೊರೆಯನ್ನು ಮತ್ತೆ ಮತ್ತೆ ಹಿಂದೆ ಮುಂದೆ ಹಾಕಿ ನೋಡುವ ಲ್ಯಾಬ್ ಪರೀಕ್ಷೆಗಳು) ನನ್ನ ಬಳಿ ಇರಲಿಲ್ಲ. ಅಂದಾಜಿನ ಸಂಖ್ಯೆಯನ್ನು ಸ್ವಲ್ಪ ಬದಲಿಸಿದರೆ ಪದರ ದ್ರವವಾಗುವ ಹೊತ್ತೇ ಹಿಂದೆ ಮುಂದೆ ಆಗುತ್ತಿತ್ತು.

ಹಾಗಾಗಿ ಈ ನೆಲಕ್ಕೆ ನಾನು ಮುಖ್ಯವಾಗಿ ನೆಚ್ಚಿದ್ದು ಬಲಕ್ಕೆ ಹೊಂದಿಸಿದ ನಾನ್‌ಲೀನಿಯರ್ ಉತ್ತರವನ್ನು. ಪಕ್ಕದಲ್ಲಿ ಈಕ್ವಿವಲೆಂಟ್ ಲೀನಿಯರ್ ಇಟ್ಟುಕೊಂಡೆ, ಎರಡೂ ಎಲ್ಲಿ ಬೇರೆಯಾಗುತ್ತವೆ ನೋಡಲು. ಮರಳಿನ ಪದರಕ್ಕೆ ಮಾತ್ರ ಒಂದೇ ಸಂಖ್ಯೆ ಕೊಡದೆ, ಕಡಿಮೆ ಮತ್ತು ಜಾಸ್ತಿ ಎರಡೂ ಅಂಚು ಕೊಟ್ಟು, ಸೈಕ್ಲಿಕ್ ಪರೀಕ್ಷೆ ಮಾಡಿಸಿ ಎಂದು ಬರೆದೆ.