‘ನಿಮ್ಮ ಆರ್‌ಎಕ್ಸ್‌ನ ತಮ್ಮ’ ಎಂದು ಹೇಳಿ ನನ್ನ ತಲೆಗೆ ಕಟ್ಟಿದ ಗಾಡಿ

ಕಲಬುರಗಿಯಲ್ಲಿ ಯಾರಾದರೂ ‘ಹಗುರವಾದ ಟೂ-ಸ್ಟ್ರೋಕ್ ಬೈಕ್ ಇದೆ, ಹೊಲದ ದಾರಿಗೆ ಹೇಳಿ ಮಾಡಿಸಿದ ಹಾಗಿದೆ’ ಎಂದರೆ ಹಣ ಎಣಿಸುವ ಮೊದಲು ಇದನ್ನು ಓದಿ. ನಾನು 2,40,000 ರೂಪಾಯಿ ಕೊಟ್ಟು ಕೈ ಸುಟ್ಟುಕೊಂಡಿದ್ದೇನೆ. ಮನೆಯಲ್ಲಿ 1,60,000 ಎಂದು ಹೇಳಿದ್ದೇನೆ, ಆ ಮಾತು ಬೇಡ.

ಅಪ್ಪನ ಬಳಿ 1992ರ ಯಮಹಾ ಆರ್‌ಎಕ್ಸ್ 100 ಇತ್ತು. ಅದರ ಸದ್ದು ಕೇಳಿಯೇ ಬೆಳೆದವನು ನಾನು. ಸೇಡಂ ಕಡೆ ನಮ್ಮದು ಎಂಟು ಎಕರೆ ತೊಗರಿ ಹೊಲ. ಡಾಂಬರು ರಸ್ತೆ ಬಿಟ್ಟ ಮೇಲೆ ಬರೀ ಬಂಡಿದಾರಿ. ಹಗುರವಾದ ಗಾಡಿಯೊಂದು ಇದ್ದರೆ ಚೆನ್ನಾಗಿತ್ತು ಎಂದು ಯಾರ ಮುಂದೆಯೋ ಆಡಿದ ಮಾತು ಗಾಡಿ ಮಾರಿದ ಈ ಪುಣ್ಯಾತ್ಮನ ಕಿವಿಗೆ ಬಿತ್ತು.

ಗಾಡಿ ಯಮಹಾ ವೈಝಡ್ 125. ಮೋಟೋಕ್ರಾಸ್, ಅಂದರೆ ಮಣ್ಣಿನ ಮೈದಾನದ ಬೈಕ್ ರೇಸಿಗೆಂದೇ ಮಾಡಿದ ಗಾಡಿ. ಯಾರೋ ಹೊರದೇಶದಿಂದ ತರಿಸಿದ್ದಂತೆ. ಹಿಂದಿನ ಚಕ್ರವನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ. “95 ಕೆ.ಜಿ. ಅಷ್ಟೇ ಸಾಹುಕಾರರೇ, ಒಂದು ಕ್ವಿಂಟಲ್ ತೊಗರಿಗಿಂತ ಕಡಿಮೆ!” ಒಂದೇ ಒದೆತಕ್ಕೆ ಎಂಜಿನ್ ಶುರುವಾಯಿತು. ನಾನು ಹೋಗುವ ಮೊದಲೇ ಅದನ್ನು ಓಡಿಸಿ ಬಿಸಿ ಮಾಡಿ ಇಟ್ಟಿದ್ದ ಎಂಬುದು ಆಗ ಹೊಳೆಯಲಿಲ್ಲ. ಸದ್ದು ಕೇಳಿ ನನ್ನ ಬುದ್ಧಿ ಅರ್ಧ ಹೋಗಿತ್ತು.

ಆದರೂ ಕೇಳಿದೆ, ಕೇಳದೆ ಇರಲಿಲ್ಲ: “ಆಯಿಲ್ ಎಲ್ಲಿ ಹಾಕುವುದು?” ಅವನ ಉತ್ತರ: “ಅದೆಲ್ಲ ನಾನು ನೋಡಿಕೊಂಡಿದ್ದೇನೆ. ನೀವು ಪೆಟ್ರೋಲ್ ಹಾಕಿ ಓಡಿಸಿ. ನಿಮ್ಮ ಆರ್‌ಎಕ್ಸ್‌ನ ತಮ್ಮನೇ ಇದು.” ಈ ಮಾತನ್ನು ಮರೆಯಲು ಆಗುತ್ತಿಲ್ಲ. ನಿಮ್ಮ ಆರ್‌ಎಕ್ಸ್‌ನ ತಮ್ಮನೇ ಇದು.

ದೀಪವಿಲ್ಲದ ಗಾಡಿಯನ್ನು ರಸ್ತೆಯಲ್ಲಿ ಓಡಿಸಲು ಧೈರ್ಯ ಬರಲಿಲ್ಲ, ಟಾಟಾ ಏಸ್‌ನಲ್ಲಿ ಹೊಲಕ್ಕೆ ಸಾಗಿಸಿದೆ. ಕ್ಯಾನಿನಲ್ಲಿ ತಂದ ಐದು ಲೀಟರ್ ಪೆಟ್ರೋಲ್ ಸುರಿದೆ. ಆಸನ ನೆಲದಿಂದ ಮೂರು ಅಡಿಗಿಂತ ಎತ್ತರ, ನಾನು ಐದೂವರೆ ಅಡಿಯವನು. ಬಟನ್ ಒತ್ತಿದರೆ ಶುರುವಾಗುವ ಗಾಡಿಯಲ್ಲ, ಒದೆಯಲೇಬೇಕು. ಕೊಟ್ಟಿಗೆಯ ಮುಂದೆ ಬಿದ್ದಿದ್ದ ಶಹಾಬಾದ್ ಪರ್ಸಿಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ನಿಂತು ಒದ್ದೆ. ಹದಿನೆಂಟು ಒದೆತ! ನಿಧಾನವಾಗಿ ಹೋದರೆ ಗೊರಗೊರ ಎಂದು ನಿಂತುಬಿಡುತ್ತದೆ. ಆಕ್ಸಿಲರೇಟರ್ ಸ್ವಲ್ಪ ಹೆಚ್ಚು ತಿರುಗಿಸಿದರೆ ಒಮ್ಮೆಲೇ ಕಿರುಚಿಕೊಂಡು ಹಗ್ಗ ಹರಿದ ಹೋರಿಯಂತೆ ಎಳೆಯುತ್ತದೆ. ಮಧ್ಯೆ ಏನೂ ಇಲ್ಲ.

ಮೂರನೆಯ ದಿನ ಬದುವಿನ ಪಕ್ಕ ಕಿರುಚುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ಹಿಡಿದುಕೊಂಡಿತು. ಹಿಂದಿನ ಚಕ್ರ ಲಾಕ್ ಆಯಿತು, ನಾನು ಬಾಯಿಬಿಟ್ಟ ಎರೆ ನೆಲದ ಮೇಲೆ ಬಿದ್ದೆ. ಮೊಣಕೈ ಕಿತ್ತುಹೋಯಿತು. ಕಿಕ್ ಕೆಳಗಿಳಿಯಲೇ ಇಲ್ಲ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ತಳ್ಳುತ್ತಾ ಬರುವಾಗ ತೊಗರಿ ಕಟ್ಟಿಗೆ ಆರಿಸುತ್ತಿದ್ದ ಅಜ್ಜಿಯೊಬ್ಬರು ಕೇಳಿದರು: “ಎಣ್ಣೆ ಮುಗಿಯಿತೇನಪ್ಪಾ?”

ಮುಗಿದಿರಲಿಲ್ಲ ತಾಯಿ, ಇರಲೇ ಇಲ್ಲ.

ಮೆಕ್ಯಾನಿಕ್ ಹುಡುಗ ಟ್ಯಾಂಕಿನ ಪೆಟ್ರೋಲನ್ನು ನೀರಿನ ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿದು ನೋಡಿದ. “ಕಾಕಾ, ಬರೀ ಪೆಟ್ರೋಲ್ ಹಾಕಿದ್ದೀರಾ?” ಆರ್‌ಎಕ್ಸ್‌ನಲ್ಲಿ ಆಯಿಲ್‌ಗೆ ಬೇರೆ ಡಬ್ಬಿ ಇತ್ತು, ಪಂಪು ತಾನೇ ಎಳೆದುಕೊಳ್ಳುತ್ತಿತ್ತು. ಇದರಲ್ಲಿ ಡಬ್ಬಿಯೂ ಇಲ್ಲ, ಪಂಪೂ ಇಲ್ಲ. ಟೂ-ಸ್ಟ್ರೋಕ್ ಆಯಿಲನ್ನು ಅಳತೆ ಮಾಡಿ ಪೆಟ್ರೋಲಿಗೇ ಬೆರೆಸಬೇಕು. ಪಿಸ್ಟನ್, ಬೇರಿಂಗ್ ಎಲ್ಲವೂ ಅದರ ಮೇಲೆಯೇ ಬದುಕಬೇಕು. ಸಿಲಿಂಡರನ್ನು ಬೋರ್ ಮಾಡಿಸಿ, ಅಂದರೆ ಒಳಗೆ ಕೆರೆಸಿ ಅಗಲ ಮಾಡಿಸಿ, ದೊಡ್ಡ ಪಿಸ್ಟನ್ ಹಾಕೋಣ ಎಂದೆ. ಅದೂ ಆಗದಂತೆ: ಸಿಲಿಂಡರಿನ ಒಳಮೈಗೆ ಕೋಟಿಂಗ್ ಇದೆ, ಆರ್‌ಎಕ್ಸ್‌ನ ಕಬ್ಬಿಣದಂತೆ ಕೆರೆದು ಸರಿಮಾಡುವ ಹಾಗಿಲ್ಲ. ಹೊಸ ಸಿಲಿಂಡರ್ ಹೊರಗಿನಿಂದಲೇ ಬರಬೇಕು. ಹುಡುಗ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಮಾರಿದವನಿಗೆ ಫೋನ್ ಮಾಡಿದೆ. ಹಣ ಕೊಡುವವರೆಗೆ ‘ಸಾಹುಕಾರರೇ’ ಎನ್ನುತ್ತಿದ್ದವನು ಈಗ ‘ಏನ್ರೀ’ ಎಂದ. “ಟೂ-ಸ್ಟ್ರೋಕ್ ಗಾಡಿಗೆ ಆಯಿಲ್ ಬೆರೆಸಬೇಕು ಎಂಬುದು ಸಣ್ಣ ಮಕ್ಕಳಿಗೂ ಗೊತ್ತು.” ನೀನೇ ಬರೀ ಪೆಟ್ರೋಲ್ ಹಾಕಿ ಎಂದೆಯಲ್ಲ ಎಂದರೆ, “ನಾನು ಬರೀ ಎಂದಿಲ್ಲ, ಪೆಟ್ರೋಲ್ ಹಾಕಿ ಎಂದೆ.” ಕೇಳಿದಿರಾ ವಕೀಲಿಕೆ! ನೋಂದಣಿ ಕಾಗದ ಕೇಳಿದರೆ ಎರಡು ವಾರ ‘ನಾಳೆ’ ಎಂದ. ಆಮೇಲೆ “ರೇಸಿನ ಗಾಡಿಗೆ ಆರ್‌ಸಿ ಎಲ್ಲಿಂದ ಬರಬೇಕು, ನೀವು ಮೊದಲು ಕೇಳಲಿಲ್ಲವಲ್ಲ” ಎಂದ. ಆಮೇಲೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ. ಅವನು ಕೊಟ್ಟ ‘ಕಸ್ಟಮ್ಸ್ ಕಾಗದ’ ಒಂದು ಜೆರಾಕ್ಸ್. ಅದರಲ್ಲಿ ಚಾಸಿ ನಂಬರಿನ ಕೊನೆಯ ಅಂಕೆಗಳ ಮೇಲೆ ಮಸಿ ಬಿದ್ದಿದೆ. ಎಷ್ಟು ಅನುಕೂಲವಾಗಿ ಬಿದ್ದಿದೆ ನೋಡಿ.

ಆರ್‌ಟಿಒ ಕೆಲಸ ಮಾಡಿಸಿಕೊಡುವ ಪರಿಚಯದವರು ಫೋಟೋ ನೋಡಿ ಕೇಳಿದರು: “ದೀಪವಿಲ್ಲ, ಹಾರ್ನ್ ಇಲ್ಲ, ಕನ್ನಡಿ ಇಲ್ಲ, ಕೆಎ 32 ಎಂದು ಎಲ್ಲಿ ಬರೆಸುತ್ತೀರಿ?” 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ಪ್ರಕಾರ ನೋಂದಣಿಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ಗಾಡಿ ಓಡಿಸುವಂತಿಲ್ಲ. ಚಿಂಚೋಳಿ ಕಾಡಿನಲ್ಲಿ ಓಡಿಸಿ ಎಂದೂ ಗಾಡಿ ಮಾರಿದ ಮಹಾಶಯ ಸಲಹೆ ಕೊಟ್ಟಿದ್ದ. ಅದು ವನ್ಯಜೀವಿ ಧಾಮ! ಅರಣ್ಯ ಇಲಾಖೆಯವರ ಕೈಗೂ ನನ್ನನ್ನು ಕೊಡಬೇಕೆಂದಿದ್ದನೇನೋ.

ಗಾಡಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಓಡಿಸಲು ಮೈದಾನ, ಸಾಗಿಸಲು ವಾಹನ, ಉದ್ದನೆಯ ಕಾಲು ಇರುವ, ಎಷ್ಟು ಗಂಟೆ ಓಡಿತೆಂದು ಬರೆದಿಟ್ಟು ಪಿಸ್ಟನ್ನನ್ನು ತಾನೇ ಬದಲಿಸಬಲ್ಲ ಹುಡುಗನಿಗೆ ಅದು ಚಿನ್ನ. ಹೊಲಕ್ಕೆ ಹೋಗಿ ಬರುವವನಿಗೆ, ಅಪ್ಪನ ಆರ್‌ಎಕ್ಸ್ ನೆನಪಿನಲ್ಲಿ ಕಣ್ಣು ಒದ್ದೆ ಮಾಡಿಕೊಳ್ಳುವವನಿಗೆ ಅಲ್ಲ. ಕೊಳ್ಳಲೇಬೇಕೆಂದಿದ್ದರೆ ಎಂಜಿನ್ ತಣ್ಣಗಿರುವಾಗ ಹೋಗಿ ಮುಟ್ಟಿ ನೋಡಿ, ಮೂಲ ಕಾಗದ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ, ಹಣವನ್ನು ಬ್ಯಾಂಕಿನ ಮೂಲಕವೇ ಕಳುಹಿಸಿ. ನಾನು ನಗದು ಕೊಟ್ಟೆ. ರಸೀದಿಯೂ ಇಲ್ಲ.

ಮೊನ್ನೆ ಭಾವನ ಮೊಬೈಲ್‌ನಲ್ಲಿ ಆ ಮಾರಿದವನ ಸ್ಟೇಟಸ್ ನೋಡಿದೆ. ಕಿತ್ತಳೆ ಬಣ್ಣದ ಇನ್ನೊಂದು ಟೂ-ಸ್ಟ್ರೋಕ್, ದೀಪವಿಲ್ಲ, ನಂಬರ್ ಪ್ಲೇಟ್ ಇಲ್ಲ. ಕೆಳಗೆ ಬರೆದಿದ್ದಾನೆ: ‘ರೈತರಿಗೆ ವಿಶೇಷ ರಿಯಾಯಿತಿ’.