ಆನ್‌ಲೈನ್ ಟ್ರೇಡಿಂಗ್‌ಗೆ ಯಾವ ಕಂಪ್ಯೂಟರ್? ವಿಂಡೋಸ್, ಮ್ಯಾಕ್, ಲಿನಕ್ಸ್ ಒರೆಗಲ್ಲಿಗೆ

ಟ್ರೇಡಿಂಗ್‌ಗೆಂದು ಕಂಪ್ಯೂಟರ್ ಕೊಳ್ಳಲು ಹೊರಟವರು ಮೊದಲು ಪ್ರೊಸೆಸರ್ ನೋಡುತ್ತಾರೆ, ಆಮೇಲೆ ಎಷ್ಟು ಮಾನಿಟರ್ ಬೇಕೆಂದು ಲೆಕ್ಕ ಹಾಕುತ್ತಾರೆ, ಸಾಫ್ಟ್‌ವೇರ್ ವಿಚಾರ ಬರುವುದು ಕೊನೆಗೆ. ಮಾಡಬೇಕಾದ್ದು ಇದರ ಉಲ್ಟಾ. ಯಾವ ಪ್ಲಾಟ್‌ಫಾರ್ಮ್‌ನಲ್ಲಿ ಆರ್ಡರ್ ಹಾಕುತ್ತೀರಿ ಅನ್ನುವುದು ಮೊದಲು ಖಚಿತವಾಗಲಿ. ಆಪರೇಟಿಂಗ್ ಸಿಸ್ಟಮ್ ಯಾವುದೆಂದು ಅದೇ ಹೇಳುತ್ತದೆ. ಯಂತ್ರದ ಮಾತು ಅದಾದ ಮೇಲೆ.

ಇನ್ನೊಂದು ವಿಷಯವನ್ನು ಶುರುವಿನಲ್ಲೇ ಹೇಳಿಬಿಡಬೇಕು. ಕೈಯಿಂದ ಆರ್ಡರ್ ಹಾಕುವವರಿಗೆ ಕಂಪ್ಯೂಟರ್ ನಿಧಾನವಾಗಿದ್ದರೆ ಆಗುವ ನಷ್ಟಕ್ಕಿಂತ ಅದು ನಡುವೆ ನಿಂತುಹೋದರೆ ಆಗುವ ನಷ್ಟವೇ ದೊಡ್ಡದು. ಮೆಟಾಟ್ರೇಡರ್ ಎಂಬ ಟ್ರೇಡಿಂಗ್ ಪ್ಲಾಟ್‌ಫಾರ್ಮ್‌ನ ಸ್ಟಾಪ್‌ಲಾಸನ್ನೇ (ಬೆಲೆ ಗೊತ್ತುಮಾಡಿದ ಮಟ್ಟ ಮುಟ್ಟಿದರೆ ವಹಿವಾಟು ಮುಗಿಸಿ ನಷ್ಟ ತಡೆಯುವ ಆರ್ಡರ್) ನೋಡಿ. ಅದು ಬ್ರೋಕರ್‌ನ ಸರ್ವರ್‌ನಲ್ಲಿರುತ್ತದೆ, ನಿಮ್ಮ ಕಂಪ್ಯೂಟರ್ ಆಫ್ ಆದರೂ ಕೆಲಸ ಮಾಡುತ್ತದೆ. ಅದೇ ಪ್ಲಾಟ್‌ಫಾರ್ಮ್‌ನ ಟ್ರೇಲಿಂಗ್ ಸ್ಟಾಪ್ (ಲಾಭದತ್ತ ಸಾಗುವ ಬೆಲೆಯ ಹಿಂದೆಯೇ ಸರಿಯುವ ಸ್ಟಾಪ್) ಹಾಗಲ್ಲ, ಅದು ನಿಮ್ಮ ಕಂಪ್ಯೂಟರ್‌ನಲ್ಲಿ ತೆರೆದಿರುವ ಟರ್ಮಿನಲ್‌ನಿಂದ ನಡೆಯುತ್ತದೆ. ಕಂಪ್ಯೂಟರ್ ಸ್ಲೀಪ್‌ಗೆ ಹೋದರೆ ಬೆಲೆ ಎಷ್ಟೇ ಏರಿದರೂ ಸ್ಟಾಪ್ ಇದ್ದಲ್ಲೇ ಉಳಿಯುತ್ತದೆ. ಹಾಗಾಗಿ ಈ ಪರಿಶೀಲನೆಯಲ್ಲಿ ನಾವು ಮುಖ್ಯವಾಗಿ ನೋಡಿದ್ದು ವೇಗವನ್ನಲ್ಲ, ಯಾವುದು ಅಡೆತಡೆಯಿಲ್ಲದೆ ಓಡುತ್ತದೆ ಎಂಬುದನ್ನು.

ಪ್ಲಾಟ್‌ಫಾರ್ಮ್ ಏನು ಕೇಳುತ್ತದೆ

ನಿಂಜಾಟ್ರೇಡರ್ 8ರ ಡೆಸ್ಕ್‌ಟಾಪ್ ಆವೃತ್ತಿ ಮತ್ತು ಆಮಿಬ್ರೋಕರ್ ವಿಂಡೋಸ್‌ಗೆ ಮಾತ್ರ ಇವೆ. ಮೆಟಾಟ್ರೇಡರ್ 4 ಮತ್ತು 5 ಕೂಡ ವಿಂಡೋಸ್‌ಗಾಗಿಯೇ ಬರೆದವು. ಮ್ಯಾಕ್, ಲಿನಕ್ಸ್‌ಗಳಲ್ಲಿ ಅವು ಓಡುವುದು ವಿಂಡೋಸ್ ಪ್ರೋಗ್ರಾಮ್‌ಗಳನ್ನು ಬೇರೆ ಸಿಸ್ಟಮ್‌ನಲ್ಲಿ ನಡೆಸುವ ವೈನ್ ಎಂಬ ಪದರದ ಮೇಲೆ. ಇಂಟರಾಕ್ಟಿವ್ ಬ್ರೋಕರ್ಸ್‌ನ ಟಿಡಬ್ಲ್ಯೂಎಸ್ ಮತ್ತು ಥಿಂಕ್‌ಆರ್‌ಸ್ವಿಮ್ ಜಾವಾದಲ್ಲಿ ಬರೆದವಾದ್ದರಿಂದ ಮೂರೂ ಕಡೆ ಸಿಗುತ್ತವೆ. ಟ್ರೇಡಿಂಗ್‌ವ್ಯೂ ಬ್ರೌಸರ್‌ನಲ್ಲೇ ನಡೆಯುತ್ತದೆ, ಬೇಕಿದ್ದರೆ ಮೂರಕ್ಕೂ ಪ್ರತ್ಯೇಕ ಆ್ಯಪ್ ಇದೆ.

ಇಲ್ಲಿ ಬಹಳ ಜನರ ಗಮನಕ್ಕೆ ಬಾರದೆ ಉಳಿಯುವುದು ಎಕ್ಸೆಲ್. ಲೈವ್ ಬೆಲೆಗಳನ್ನು ಎಕ್ಸೆಲ್‌ಗೆ ಎಳೆದುಕೊಳ್ಳುವ ಆರ್‌ಟಿಡಿ, ಡಿಡಿಇ ಸಂಪರ್ಕಗಳು ವಿಂಡೋಸ್‌ನ ಒಳಗಿನ ವ್ಯವಸ್ಥೆಯನ್ನು ನೆಚ್ಚಿಕೊಂಡಿವೆ. ಮ್ಯಾಕ್‌ನ ಎಕ್ಸೆಲ್‌ನಲ್ಲಿ ಅದೇ ಶೀಟ್ ತೆರೆದುಕೊಳ್ಳುತ್ತದೆ, ಸೂತ್ರಗಳೂ ಕಾಣುತ್ತವೆ, ಆದರೆ ಅಂಕಿಗಳು ಮಿಸುಕಾಡುವುದಿಲ್ಲ. ನಿಮ್ಮ ವಹಿವಾಟು ಇಂಥ ಶೀಟಿನ ಮೇಲೆ ನಿಂತಿದ್ದರೆ ಚರ್ಚೆಯೇ ಬೇಡ, ವಿಂಡೋಸ್ ತೆಗೆದುಕೊಳ್ಳಿ.

ವಿಂಡೋಸ್ 11: ನಮ್ಮ ಮೊದಲ ಆಯ್ಕೆ, ಆದರೆ ಪಳಗಿಸಿದ ಮೇಲೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಣ ಓಡಾಡುವ ಯಂತ್ರದಲ್ಲಿ ಭದ್ರತಾ ಪ್ಯಾಚ್ ಬಾರದ ಸಿಸ್ಟಮ್ ಇಟ್ಟುಕೊಳ್ಳಬಾರದು. ಹಳೆಯ ಕಂಪ್ಯೂಟರ್‌ನಲ್ಲೇ 11 ಹಾಕುವ ಯೋಚನೆಯಿದ್ದರೆ ಎರಡು ವಿಷಯ ನೋಡಿ: ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಬೇಕು, ಪ್ರೊಸೆಸರ್ ಸ್ಥೂಲವಾಗಿ ಇಂಟೆಲ್ 8ನೇ ತಲೆಮಾರು ಅಥವಾ ರೈಜೆನ್ 2000 ಸರಣಿ ಇಲ್ಲವೇ ಅದಕ್ಕಿಂತ ಹೊಸದಾಗಿರಬೇಕು. ಟಿಪಿಎಂ ಇಲ್ಲ ಎಂದು ತೋರಿಸಿದರೆ ಒಮ್ಮೆ ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪುಟ) ಹೋಗಿ ನೋಡಿ. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಅದು ಇದ್ದೂ ಆಫ್ ಆಗಿರುತ್ತದೆ.

ಸಾಫ್ಟ್‌ವೇರ್ ಹೊಂದಾಣಿಕೆಯಲ್ಲಿ ವಿಂಡೋಸ್‌ಗೆ ಸಾಟಿಯಿಲ್ಲ. ತೊಂದರೆಯೆಲ್ಲ ಇರುವುದು ಅದು ತಾನಾಗಿಯೇ ಮಾಡುವ ಕೆಲಸಗಳಲ್ಲಿ. ಪ್ರತಿ ತಿಂಗಳ ಎರಡನೇ ಮಂಗಳವಾರ ಪ್ಯಾಚ್ ಬಿಡುಗಡೆಯಾಗುತ್ತದೆ, ಅದಾದ ಮೇಲೆ ರೀಸ್ಟಾರ್ಟ್ ಕೇಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ ಅಡ್ವಾನ್ಸ್‌ಡ್ ಆಪ್ಷನ್ಸ್, ಅಲ್ಲಿ ಆಕ್ಟಿವ್ ಅವರ್ಸ್ ಎಂದಿದೆ. ಅದನ್ನು ತಾನಾಗಿ ಹೊಂದಿಸಿಕೊಳ್ಳಲು ಬಿಡದೆ ನೀವೇ ತುಂಬಿ; ಗರಿಷ್ಠ 18 ಗಂಟೆ ಕೊಡಬಹುದು. ಫಲಿತಾಂಶ, ಬಡ್ಡಿದರದಂಥ ದೊಡ್ಡ ಘೋಷಣೆಗಳಿರುವ ವಾರ ಅಪ್‌ಡೇಟನ್ನೇ ಪಾಸ್ ಮಾಡಿ, ಐದು ವಾರದವರೆಗೆ ಮುಂದೂಡಲು ಅವಕಾಶವಿದೆ. ಪೂರ್ತಿ ನಿಲ್ಲಿಸುವ ಗೋಜಿಗೆ ಹೋಗಬೇಡಿ. ಮಾರುಕಟ್ಟೆ ಮುಚ್ಚಿದ ಶನಿವಾರ ಕೈಯಾರೆ ಹಾಕಿ, ರೀಸ್ಟಾರ್ಟ್ ಮಾಡಿ, ಪ್ಲಾಟ್‌ಫಾರ್ಮ್ ತೆರೆದು ಲಾಗಿನ್ ಆಗುತ್ತದೆಯೇ ಎಂದು ನೋಡಿಬಿಟ್ಟರೆ ಸೋಮವಾರದ ಆತಂಕವಿಲ್ಲ.

ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪನ್ನು 'ನೆವರ್' ಮಾಡಿದರಷ್ಟೇ ಸಾಲದು. ಡಿವೈಸ್ ಮ್ಯಾನೇಜರ್ ತೆರೆದು ನಿಮ್ಮ ನೆಟ್‌ವರ್ಕ್ ಅಡಾಪ್ಟರ್‌ನ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಪುಟ ನೋಡಿ. ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಗುರುತನ್ನು ತೆಗೆಯಿರಿ. ಕಾರಣವೇ ತಿಳಿಯದಂತೆ ಆಗಾಗ ಡೇಟಾ ಕಡಿದುಹೋಗುವುದಕ್ಕೆ, ಅದರಲ್ಲೂ ಯುಎಸ್‌ಬಿ ವೈಫೈ ಡಾಂಗಲ್ ಬಳಸುವವರಲ್ಲಿ, ಇದೊಂದು ಸಾಮಾನ್ಯ ಕಾರಣ.

ಡಿಸ್ಕ್‌ನಲ್ಲಿರುವುದನ್ನು ಕೀ ಇಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್ ಬಗ್ಗೆ ಬಿಡಿಸಿ ಹೇಳಬೇಕು. ಇತ್ತೀಚಿನ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಅದು ಒಳ್ಳೆಯದೇ. ಆದರೆ ಬಯಾಸ್ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಮಾರುಕಟ್ಟೆ ತೆರೆಯಲು ಐದು ನಿಮಿಷವಿರುವಾಗ ಆ ಕೀ ಹುಡುಕುವಂತಾದರೆ ಗತಿಯೇನು? ಇವತ್ತೇ ಅದನ್ನು ಕಾಗದದ ಮೇಲೆ ಮುದ್ರಿಸಿ, ಕಂಪ್ಯೂಟರ್ ಇರುವ ಮೇಜಿನಿಂದ ದೂರ ಇನ್ನೆಲ್ಲಾದರೂ ಭದ್ರವಾಗಿಡಿ.

ವಿಂಡೋಸ್‌ನಲ್ಲೇ ಒಂದು ಎಚ್ಚರಿಕೆ: ಸ್ನಾಪ್‌ಡ್ರ್ಯಾಗನ್ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್‌ಗಳು ಆರ್ಮ್ ಜಾತಿಯವು, ಇಂಟೆಲ್, ಎಎಂಡಿಗಿಂತ ಬೇರೆ ವಿನ್ಯಾಸದವು. ಹೆಚ್ಚಿನ ಟ್ರೇಡಿಂಗ್ ಸಾಫ್ಟ್‌ವೇರ್ ಅವುಗಳಲ್ಲಿ ಎಮ್ಯುಲೇಶನ್ (ಬೇರೆ ಪ್ರೊಸೆಸರ್‌ನ ಅನುಕರಣೆ) ಮೂಲಕ ಓಡುತ್ತದೆ. ಡ್ರೈವರ್‌ಗಳು ಮಾತ್ರ ಹಾಗೆ ಓಡುವುದಿಲ್ಲ, ಅವು ಆರ್ಮ್‌ಗೆಂದೇ ಬರೆದಿರಬೇಕು. ಯುಎಸ್‌ಬಿ ಟೋಕನ್, ಡಿಜಿಟಲ್ ಸಹಿ ಸಾಧನ ಬಳಸುವವರು ತಮ್ಮ ಸಾಧನಕ್ಕೆ ಆರ್ಮ್ ಡ್ರೈವರ್ ಇದೆಯೇ ಎಂದು ಕೇಳದೆ ಕೊಳ್ಳಬೇಡಿ.

ಮ್ಯಾಕ್: ಗಟ್ಟಿ ಯಂತ್ರ, ಬಾಗಿಲು ಕಡಿಮೆ

ಟ್ರೇಡಿಂಗ್‌ವ್ಯೂ, ಟಿಡಬ್ಲ್ಯೂಎಸ್, ಥಿಂಕ್‌ಆರ್‌ಸ್ವಿಮ್ ಇಷ್ಟರಲ್ಲೇ ನಿಮ್ಮ ಕೆಲಸ ಮುಗಿಯುವುದಾದರೆ ಮ್ಯಾಕ್ ಬಹಳ ಒಳ್ಳೆಯದು. ಸದ್ದಿಲ್ಲ, ಬಿಸಿಯಾಗುವುದು ಕಡಿಮೆ, ಒಂದು ಕೋರ್‌ನ (ಪ್ರೊಸೆಸರ್‌ನೊಳಗಿನ ಒಂದು ಲೆಕ್ಕದ ಘಟಕ) ವೇಗದಲ್ಲಿ ಆಪಲ್‌ನ ಎಂ ಸರಣಿಯ ಚಿಪ್‌ಗಳು ಮುಂಚೂಣಿಯಲ್ಲಿವೆ. ಎಡವುವುದು ಮಾನಿಟರ್ ವಿಷಯದಲ್ಲಿ. ಎಂ1, ಎಂ2 ಮ್ಯಾಕ್‌ಬುಕ್ ಏರ್‌ಗೆ ಹೊರಗಿನ ಒಂದೇ ಮಾನಿಟರ್ ಜೋಡಿಸಬಹುದು. ಎಂ3 ಏರ್ ಎರಡನ್ನು ನಡೆಸುತ್ತದೆ, ಆದರೆ ಮುಚ್ಚಳ ಮುಚ್ಚಿರಬೇಕು. ಮುಚ್ಚಳ ತೆರೆದಿಟ್ಟು ಎರಡು ಬೇಕೆಂದರೆ ಎಂ4 ಏರ್. ಎಂ4 ಮ್ಯಾಕ್ ಮಿನಿ ಮೂರಕ್ಕೆ ಕೊಡುತ್ತದೆ, ಮೇಜಿನ ಮೇಲೆ ಕೂತು ಟ್ರೇಡ್ ಮಾಡುವವರಿಗೆ ನಮ್ಮ ಮ್ಯಾಕ್ ಆಯ್ಕೆ ಅದೇ. ಒಂದು ಡಿಸ್‌ಪ್ಲೇಪೋರ್ಟ್‌ನಿಂದ ಹಲವು ಮಾನಿಟರ್‌ಗೆ ಹಂಚುವ ಎಂಎಸ್‌ಟಿ ಹಬ್‌ಗಳು ವಿಂಡೋಸ್‌ನಲ್ಲಿ ಚೆನ್ನಾಗಿ ನಡೆಯುತ್ತವೆ. ಮ್ಯಾಕ್‌ನಲ್ಲಿ ಅವುಗಳಿಂದ ಎರಡು ಮಾನಿಟರ್‌ನಲ್ಲೂ ಒಂದೇ ಚಿತ್ರ ಕಾಣುತ್ತದೆ, ಅಷ್ಟೇ.

ಆಪಲ್ ಚಿಪ್‌ನ ಮ್ಯಾಕ್‌ಗಳಲ್ಲಿ ವಿಂಡೋಸನ್ನು ನೇರವಾಗಿ ಹಾಕಲು ಬಿಡುವ ಬೂಟ್‌ಕ್ಯಾಂಪ್ ಇಲ್ಲ. ವಿಂಡೋಸ್ ಬೇಕಾದರೆ ಮ್ಯಾಕ್‌ನೊಳಗೆ ಇನ್ನೊಂದು ಸಿಸ್ಟಮ್ ನಡೆಸುವ ಪ್ಯಾರಲಲ್ಸ್‌ನಂಥ ಪ್ರೋಗ್ರಾಮ್‌ನೊಳಗೆ ಆರ್ಮ್ ಆವೃತ್ತಿಯನ್ನು ಓಡಿಸಬೇಕು. ವಾರಕ್ಕೊಮ್ಮೆ ಆಮಿಬ್ರೋಕರ್‌ನಲ್ಲಿ ಸ್ಕ್ಯಾನ್ ಮಾಡಲು ಅದು ಸಾಕು. ದಿನವಿಡೀ ಲೈವ್ ಆರ್ಡರ್ ಹಾಕುವ ಪ್ಲಾಟ್‌ಫಾರ್ಮನ್ನು ಒಂದರೊಳಗೊಂದು ಪದರಗಳ ಮೇಲೆ ನಿಲ್ಲಿಸಲು ನಾವು ಹೇಳುವುದಿಲ್ಲ. ಎಲ್ಲಾದರೂ ತಪ್ಪಿದರೆ ಬ್ರೋಕರ್‌ನ ಸಹಾಯವಾಣಿಯವರು 'ಇದಕ್ಕೆ ನಮ್ಮ ಬೆಂಬಲವಿಲ್ಲ' ಎಂದು ಫೋನ್ ಇಡುತ್ತಾರೆ, ಹಾಗೆ ಹೇಳುವ ಹಕ್ಕು ಅವರಿಗಿದೆ. ರ‍್ಯಾಮನ್ನು ಆಮೇಲೆ ಹೆಚ್ಚಿಸಲಾಗದು ಎಂಬುದನ್ನೂ ನೆನಪಿಟ್ಟು, ಖರೀದಿಸುವಾಗಲೇ 24 ಜಿಬಿಯತ್ತ ನೋಡಿ.

ಲಿನಕ್ಸ್: ಕೋಡ್ ಬರೆಯುವವರಿಗೆ

ಪೈಥಾನ್‌ನಲ್ಲಿ ಸ್ಟ್ರಾಟಜಿ ಬರೆದು ಎಪಿಐ (ಪ್ರೋಗ್ರಾಮ್‌ಗಳು ಬ್ರೋಕರ್‌ನ ವ್ಯವಸ್ಥೆಯೊಂದಿಗೆ ನೇರವಾಗಿ ಮಾತಾಡುವ ದಾರಿ) ಮೂಲಕ ಆರ್ಡರ್ ಕಳಿಸುವವರಿಗೆ ಲಿನಕ್ಸ್‌ಗಿಂತ ಹಿತವಾದದ್ದಿಲ್ಲ. ನಿಮ್ಮನ್ನು ಕೇಳದೆ ರೀಸ್ಟಾರ್ಟ್ ಆಗುವುದಿಲ್ಲ, ಹೇಳಿಟ್ಟರೆ ನಿಂತ ಪ್ರೋಗ್ರಾಮನ್ನು ಸಿಸ್ಟಮ್‌ಡಿ ಎಂಬ ಒಳಗಿನ ನಿರ್ವಾಹಕ ಮತ್ತೆ ಎಬ್ಬಿಸುತ್ತದೆ, ಲಾಗ್‌ಗಳು ಒಂದೇ ಕಡೆ ಸಿಗುತ್ತವೆ. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನ 24.04 ಎಲ್‌ಟಿಎಸ್ (ದೀರ್ಘಕಾಲ ಬೆಂಬಲದ) ಆವೃತ್ತಿಗೆ 2029ರವರೆಗೆ ಸಾಮಾನ್ಯ ಬೆಂಬಲವಿದೆ. ಪದೇಪದೇ ಬದಲಾಗುವ ನಡುವಿನ ಆವೃತ್ತಿಗಳು ಬೇಡ.

ಚಾರ್ಟ್ ನೋಡಿ ಕೈಯಿಂದ ಟ್ರೇಡ್ ಮಾಡುವವರಿಗೆ ಎರಡು ಕಡೆ ಕಿರಿಕಿರಿ. ವಿಂಡೋಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ನೇರವಾಗಿ ಓಡುವ ಆ್ಯಪ್‌ಗಳಿಗೆ ತಮ್ಮ ವಿಂಡೋ ಪರದೆಯ ಯಾವ ಜಾಗದಲ್ಲಿರಬೇಕೆಂದು ಹೇಳುವ ಅಧಿಕಾರವಿಲ್ಲ. ಮೂರು ಮಾನಿಟರ್‌ನಲ್ಲಿ ಹರಡಿಟ್ಟ ವಿಂಡೋಗಳು ಮರುದಿನ ಒಂದರ ಮೇಲೊಂದು ಬಿದ್ದಿರಬಹುದು. 24.04ರಲ್ಲಿ ಲಾಗಿನ್ ಪರದೆಯ ಮೂಲೆಯ ಗೇರ್ ಒತ್ತಿ ಹಳೆಯ ವ್ಯವಸ್ಥೆಯಾದ 'ಉಬುಂಟು ಆನ್ ಝಾರ್ಗ್' ಆರಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ. ಎರಡನೆಯದು ಎನ್‌ವಿಡಿಯಾ ಡ್ರೈವರ್: ಕರ್ನಲ್ (ಸಿಸ್ಟಮ್‌ನ ತಿರುಳು) ಅಪ್‌ಡೇಟ್ ಆದಾಗ ಅದು ಕೈಕೊಟ್ಟರೆ ಡೆಸ್ಕ್‌ಟಾಪೇ ಬರುವುದಿಲ್ಲ. ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಇಟ್ಟುಕೊಂಡರೆ ಆ ಚಿಂತೆ ಇಲ್ಲ. ಕ್ರೋಮ್‌ಬುಕ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಬ್ರೌಸರ್ ಸಾಕು ಅನ್ನುವವರಿಗೆ ಎರಡನೇ ಯಂತ್ರವಾಗಿ ಚೆನ್ನಾಗಿದೆ.

ಯಂತ್ರದೊಳಗೆ ಏನಿರಬೇಕು

'ಟ್ರೇಡಿಂಗ್ ಕಂಪ್ಯೂಟರ್' ಎಂದು ಹೆಸರಿಟ್ಟು ಮಾರುವವುಗಳಲ್ಲಿ ಇರುವುದು ಸಾಮಾನ್ಯ ಬಿಡಿಭಾಗಗಳೇ. ಹೆಸರಿಗೆ ದುಡ್ಡು ಕೊಡಬೇಡಿ. ಈಚಿನ ತಲೆಮಾರಿನ 6 ಅಥವಾ 8 ಕೋರ್‌ನ ಮಧ್ಯಮ ದರ್ಜೆಯ ಪ್ರೊಸೆಸರ್ ಧಾರಾಳವಾಯಿತು. ಚಾರ್ಟ್ ಸಾಫ್ಟ್‌ವೇರ್‌ನ ಎಷ್ಟೋ ಕೆಲಸ ಒಂದೇ ಕೋರ್‌ನ ಮೇಲೆ ಬೀಳುತ್ತದೆ, 16 ಕೋರ್ ಇದ್ದರೂ 15 ಸುಮ್ಮನೆ ಕೂತಿರುತ್ತವೆ. ಮೆಟಾಟ್ರೇಡರ್ 5ರಲ್ಲಿ ಒಂದೇ ಸಿಂಬಲ್‌ನ (ಒಂದು ಶೇರು ಅಥವಾ ಕರೆನ್ಸಿ ಜೋಡಿಯಂಥದ್ದು) ಎಲ್ಲ ಇಂಡಿಕೇಟರ್‌ಗಳೂ, ಅಂದರೆ ಬೆಲೆಯಿಂದ ಲೆಕ್ಕ ಹಾಕಿ ಚಾರ್ಟ್ ಮೇಲೆ ಗೆರೆ ಎಳೆಯುವ ಪ್ರೋಗ್ರಾಮ್‌ಗಳು, ಒಂದೇ ಥ್ರೆಡ್‌ನಲ್ಲಿ (ಕೆಲಸದ ಒಂದೇ ಸಾಲಿನಲ್ಲಿ) ಓಡುತ್ತವೆ. ಕೆಟ್ಟದಾಗಿ ಬರೆದ ಒಂದು ಇಂಡಿಕೇಟರ್ ಸಿಕ್ಕಿಹಾಕಿಕೊಂಡರೆ ಆ ಸಿಂಬಲ್‌ನ ಉಳಿದವೆಲ್ಲ ಸಾಲಿನಲ್ಲಿ ಕಾಯುತ್ತವೆ. ಆಗ ಹೊಸ ಪ್ರೊಸೆಸರ್ ಹಾಕಿದರೂ ಪ್ರಯೋಜನವಿಲ್ಲ, ಆ ಇಂಡಿಕೇಟರನ್ನು ಕಿತ್ತುಹಾಕಬೇಕು. ಹೆಚ್ಚು ಕೋರ್ ನಿಜವಾಗಿ ದುಡಿಯುವುದು ಅದೇ ಪ್ಲಾಟ್‌ಫಾರ್ಮ್‌ನ ಸ್ಟ್ರಾಟಜಿ ಆಪ್ಟಿಮೈಸೇಶನ್‌ನಲ್ಲಿ (ಹಳೆಯ ಬೆಲೆಗಳ ಮೇಲೆ ಬೇರೆಬೇರೆ ಅಂಕಿ ಹಾಕಿ ಪರೀಕ್ಷಿಸುವುದು). ಅದು ಇರುವ ಕೋರ್‌ಗಳನ್ನೆಲ್ಲ ಬಳಸಿಕೊಳ್ಳುತ್ತದೆ.

ರ‍್ಯಾಮ್ ಕನಿಷ್ಠ 16 ಜಿಬಿ, ನೆಮ್ಮದಿಗೆ 32. ಒಂದೇ ಪಟ್ಟಿಯ ಬದಲು ಎರಡು ಪಟ್ಟಿ ಹಾಕಿ. ಡಿಡಿಆರ್5 ಎಂಬ ಈಚಿನ ಬಗೆಯ ರ‍್ಯಾಮ್‌ನಲ್ಲಿ ನಾಲ್ಕು ಪಟ್ಟಿ ತುಂಬಿದರೆ ಸಾಮಾನ್ಯವಾಗಿ ವೇಗ ಇಳಿಯುತ್ತದೆ, ಅದೂ ಬೇಡ. ಟಿಡಬ್ಲ್ಯೂಎಸ್ ಬಳಸುವವರು ಇನ್ನೊಂದು ಮಾಡಬೇಕು: ಕಂಪ್ಯೂಟರ್‌ನಲ್ಲಿ ಎಷ್ಟೇ ರ‍್ಯಾಮ್ ಇದ್ದರೂ ಅದು ತನಗೆ ಗೊತ್ತುಮಾಡಿದ ಮಿತಿಯೊಳಗೇ ಇರುತ್ತದೆ. ಗ್ಲೋಬಲ್ ಕಾನ್ಫಿಗರೇಶನ್‌ನ ಜನರಲ್ ಪುಟದಲ್ಲಿ ಮೆಮೊರಿ ಅಲೊಕೇಶನ್ ಹೆಚ್ಚಿಸದಿದ್ದರೆ ಚಾರ್ಟ್ ಹೆಚ್ಚಾದಂತೆ ತಡವರಿಸುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಶಕ್ತಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ, ಪೋರ್ಟ್ ಎಣಿಸಿ. ಹಳೆಯ ಎಚ್‌ಡಿಎಂಐ 1.4 ಪೋರ್ಟ್‌ನಲ್ಲಿ 4ಕೆ ಮಾನಿಟರ್ ಸೆಕೆಂಡಿಗೆ 30 ಬಾರಿ ಮಾತ್ರ ಹೊಸದಾಗುತ್ತದೆ, ಮೌಸ್ ತೂಗಿ ತೂಗಿ ನಡೆದಂತೆ ಕಾಣುತ್ತದೆ. ಡಿಸ್‌ಪ್ಲೇಪೋರ್ಟ್ 1.2 ಅಥವಾ ಎಚ್‌ಡಿಎಂಐ 2.0 ಇದ್ದರೆ 60. ನಮ್ಮ ಅಭಿಪ್ರಾಯದಲ್ಲಿ 27 ಇಂಚಿನ, 2560×1440ರ ಎರಡು ಒಂದೇ ಬಗೆಯ ಮಾನಿಟರ್‌ಗಳು ಹೆಚ್ಚಿನವರಿಗೆ ಸರಿಯಾದ ಜೋಡಿ. ಅವುಗಳನ್ನು 100 ಪ್ರತಿಶತ ಸ್ಕೇಲಿಂಗ್‌ನಲ್ಲೇ, ಅಂದರೆ ಅಕ್ಷರ ಹಿಗ್ಗಿಸದೆಯೇ, ಓದಬಹುದು. ಒಂದು 4ಕೆ, ಒಂದು ಸಾಮಾನ್ಯ ಎಂದು ಬೆರಕೆ ಮಾಡಿದರೆ ಹಳೆಯ ಪ್ರೋಗ್ರಾಮ್‌ಗಳ ಅಕ್ಷರ ಮಸುಕಾಗುತ್ತದೆ. ಮೆಟಾಟ್ರೇಡರ್ 4ಕ್ಕೆ ಹಾಗಾದರೆ ಅದರ ಐಕಾನ್‌ನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಪುಟಕ್ಕೆ ಹೋಗಿ ಹೈ ಡಿಪಿಐ ಸೆಟ್ಟಿಂಗ್ಸ್‌ನಲ್ಲಿ ಓವರ್‌ರೈಡ್ ಆಯ್ಕೆ ಬದಲಿಸಿ ನೋಡಿ.

ಸಂಪರ್ಕ ಮತ್ತು ಬ್ರೌಸರ್

ಬೆಲೆಗಳ ಡೇಟಾಗೆ ಬ್ಯಾಂಡ್‌ವಿಡ್ತ್ ಹೆಚ್ಚು ಬೇಕಿಲ್ಲ, ಬೇಕಾದ್ದು ಸ್ಥಿರತೆ. ಕೇಬಲ್ ಎಳೆಯಿರಿ, ವೈಫೈ ನೆಚ್ಚಬೇಡಿ. ಮನೆಯಲ್ಲಿ ಯಾರಾದರೂ ದೊಡ್ಡ ವಿಡಿಯೊ ಅಪ್‌ಲೋಡ್ ಮಾಡುವಾಗ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯದ ಪರೀಕ್ಷೆ) ಹಾಕಿ ನೋಡಿ. 20 ಮಿಲಿಸೆಕೆಂಡ್ ಇದ್ದದ್ದು ನೂರಾರಕ್ಕೆ ಹಾರಿದರೆ ರೂಟರ್‌ನಲ್ಲಿ ಕ್ಯೂ ತುಂಬಿಕೊಳ್ಳುತ್ತಿದೆ ಎಂದರ್ಥ. ಈ ಕ್ಯೂವನ್ನು ಹತೋಟಿಯಲ್ಲಿಡುವ ಎಸ್‌ಕ್ಯೂಎಂ ಸೌಲಭ್ಯವಿರುವ ರೂಟರ್ ಇದನ್ನು ಸರಿಪಡಿಸುತ್ತದೆ. ಬೆಳಕು ಫೈಬರ್‌ನಲ್ಲಿ 1000 ಕಿಲೋಮೀಟರ್ ಹೋಗಿ ಬರಲು ಸುಮಾರು 10 ಮಿಲಿಸೆಕೆಂಡ್ ಹಿಡಿಯುತ್ತದೆ. ಅದನ್ನು ಯಾವ ಕಂಪ್ಯೂಟರ್ ಕೊಂಡರೂ ಕಡಿಮೆ ಮಾಡಲಾಗದು. ತಾನಾಗಿ ಓಡುವ ಸ್ಟ್ರಾಟಜಿಗೆ ಆ ಅಂತರವೂ ಭಾರ ಎನಿಸಿದರೆ ಬ್ರೋಕರ್‌ನ ಸರ್ವರ್‌ಗೆ ಹತ್ತಿರದ ವಿಪಿಎಸ್ (ಡೇಟಾ ಕೇಂದ್ರದಲ್ಲಿ ಓಡುವ ವರ್ಚುವಲ್ ಕಂಪ್ಯೂಟರ್) ಬಾಡಿಗೆಗೆ ತೆಗೆದುಕೊಳ್ಳಿ. ಯುಪಿಎಸ್‌ಗೆ ಕಂಪ್ಯೂಟರ್ ಜೊತೆ ರೂಟರನ್ನೂ ಸಿಕ್ಕಿಸಿ, ಇದನ್ನು ಮರೆಯುವವರೇ ಹೆಚ್ಚು.

ಬ್ರೌಸರ್‌ನಲ್ಲಿ ಟ್ರೇಡ್ ಮಾಡುವವರು ಒಂದು ವಿಷಯ ತಿಳಿದಿರಬೇಕು. ಹಿಂದೆ ಸರಿಸಿದ ಟ್ಯಾಬ್‌ನ ಟೈಮರ್‌ಗಳನ್ನು ಕ್ರೋಮ್ ಸೆಕೆಂಡಿಗೊಮ್ಮೆಗೆ ಇಳಿಸುತ್ತದೆ, ಐದು ನಿಮಿಷ ಕಳೆದ ಮೇಲೆ ಎಷ್ಟೋ ಸಂದರ್ಭಗಳಲ್ಲಿ ನಿಮಿಷಕ್ಕೊಮ್ಮೆಗೆ. ಮೆಮೊರಿ ಸೇವರ್ ಆನ್ ಇದ್ದರೆ ಟ್ಯಾಬನ್ನೇ ಮಲಗಿಸಬಹುದು. ಸೆಟ್ಟಿಂಗ್ಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸದಾ ಎಚ್ಚರವಿರಬೇಕಾದ ತಾಣಗಳ ಪಟ್ಟಿಗೆ ಬ್ರೋಕರ್ ತಾಣವನ್ನು ಸೇರಿಸಿ, ಚಾರ್ಟನ್ನು ಟ್ಯಾಬ್‌ನಲ್ಲಿ ಅಡಗಿಸದೆ ಪ್ರತ್ಯೇಕ ವಿಂಡೋದಲ್ಲಿ ಕಣ್ಣೆದುರಿಗಿಡಿ.

ಹೊಸ ಯಂತ್ರಕ್ಕೆ ಸಾಗುವಾಗ

ಹಳೆಯದನ್ನು ಅಳಿಸುವ ಮೊದಲು ಲೇಔಟ್, ಟೆಂಪ್ಲೇಟ್‌ಗಳನ್ನು ತೆಗೆದಿಟ್ಟುಕೊಳ್ಳಿ. ಮೆಟಾಟ್ರೇಡರ್‌ನಲ್ಲಿ ಫೈಲ್ ಮೆನುವಿನ ಓಪನ್ ಡೇಟಾ ಫೋಲ್ಡರ್ ಒತ್ತಿದರೆ ಸಿಗುವ ಇಡೀ ಫೋಲ್ಡರ್ ಬೇಕು. ನಿಂಜಾಟ್ರೇಡರ್ 8ರದು ಡಾಕ್ಯುಮೆಂಟ್ಸ್ ಒಳಗಿರುತ್ತದೆ. ಆ ಡಾಕ್ಯುಮೆಂಟ್ಸ್ ಫೋಲ್ಡರನ್ನು ಒನ್‌ಡ್ರೈವ್ ಸಿಂಕ್ ಮಾಡುತ್ತಿದ್ದರೆ ನಿಲ್ಲಿಸಿ. ಪ್ಲಾಟ್‌ಫಾರ್ಮ್ ಬರೆಯುತ್ತಿರುವ ಫೈಲನ್ನು ಸಿಂಕ್ ಹಿಡಿದುಕೊಂಡರೆ ವರ್ಕ್‌ಸ್ಪೇಸ್ ಸೇವ್ ಆಗದಿರಬಹುದು. ಹೊಸ ಯಂತ್ರದಲ್ಲಿ ಒಂದು ವಾರ ಡೆಮೊ ಖಾತೆ ಓಡಿಸಿ, ಪ್ರತಿ ಸಂಜೆ ಲಾಗ್‌ನಲ್ಲಿ ಸಂಪರ್ಕ ಕಡಿದ ಸಾಲುಗಳಿವೆಯೇ ನೋಡಿ. ಗಡಿಯಾರ ಇಂಟರ್ನೆಟ್ ಸಮಯಕ್ಕೆ ಹೊಂದಿದೆಯೇ ಎಂದೂ ಪರೀಕ್ಷಿಸಿ. 30 ಸೆಕೆಂಡಿಗೊಮ್ಮೆ ಬದಲಾಗುವ ಅಥೆಂಟಿಕೇಟರ್ ಕೋಡನ್ನು ಅದೇ ಕಂಪ್ಯೂಟರ್‌ನಲ್ಲಿ ಪಡೆಯುವವರಿಗೆ ಗಡಿಯಾರ ಒಂದೆರಡು ನಿಮಿಷ ಆಚೀಚೆಯಾದರೂ ಲಾಗಿನ್ ಆಗುವುದಿಲ್ಲ.