ಗೆರೆ ಹೊಸದು, ಟೈರು ಹಳೆಯದು

ಬಳ್ಳಾರಿಯಲ್ಲಿ ಕಾರಿಗೆ ಅಗ್ಗದ ಟೈರು ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ.

ಕಳೆದ ಸೆಪ್ಟೆಂಬರಿನಲ್ಲಿ ಅಲ್ಲಿನ ಒಂದು ಅಂಗಡಿಯಲ್ಲಿ ಮುಂದಿನ ಎರಡೂ ಗಾಲಿಗಳಿಗೆ ಟೈರು ಹಾಕಿಸಿದೆ. ಹೊಸದೊಂದರ ಬೆಲೆಗೆ ಎರಡು. ಗೋದಾಮಿನಲ್ಲಿ ಉಳಿದ ಮಾಲು, ಒಂದು ಕಿಲೋಮೀಟರೂ ಓಡಿಲ್ಲ ಎಂದರು. ನಡುವೆ ಎರಡು ನೇರ ಕಾಲುವೆ, ಅಲ್ಲಿಂದ ಅಂಚಿಗೆ ಎಲೆಯ ನರಗಳಂತೆ ಬಾಗಿ ಹೋಗುವ ಗೆರೆಗಳು, ಆಳವಾಗಿ, ಚೂಪಾಗಿ. ನಾನು ಹಿಂದೆಮುಂದೆ ನೋಡಿದಾಗ ಅಂಗಡಿಯವರು ಮೊಬೈಲಿನಲ್ಲಿ ಒಂದು ಪ್ರಮಾಣಪತ್ರ ತೋರಿಸಿದರು. "ನೋಡಿ ಅಣ್ಣಾ, ಸರ್ಕಾರವೇ ರಿಜಿಸ್ಟರ್ ಮಾಡಿದ ಡಿಸೈನ್ ಇದು." ಪತ್ರದ ಜೊತೆಗಿದ್ದ ಚಿತ್ರಕ್ಕೂ ಟೈರಿಗೂ ಗೆರೆ ಗೆರೆ ಹೊಂದುತ್ತಿತ್ತು. ನಂಬಿದೆ.

ಹನ್ನೊಂದನೆಯ ದಿನ ಸಿಂಧನೂರಿಗೆ ಹಿಂದಿರುಗುವಾಗ, ಸಿರುಗುಪ್ಪ ದಾಟಿದ ಮೇಲೆ ಮಳೆ ಹಿಡಿಯಿತು. ಗದ್ದೆಯಿಂದ ಬಂದ ಟ್ರ್ಯಾಕ್ಟರುಗಳು ರಸ್ತೆಗೆಲ್ಲ ಎರೆಮಣ್ಣು ಮೆತ್ತಿದ್ದವು. ತಿರುವಿನಲ್ಲಿ ಸ್ಟೇರಿಂಗ್ ತಿರುಗಿತು, ಕಾರು ತಿರುಗಲಿಲ್ಲ. ಅಂಚಿನ ಕಲ್ಲಿಗೆ ತಾಗಿ, ಟೈರು ಸೀಳಿ, ಗದ್ದೆಗಿಳಿದು ನಿಂತಿತು. ಹೆಂಡತಿಗೆ ಮೂರು ವಾರ ಕೈ ಎತ್ತಲಾಗಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಯಲ್ಲಿದ್ದಳು, ದೇವರು ದೊಡ್ಡವನು.

ಟೈರು ಬಿಚ್ಚಿದ ಪಂಕ್ಚರ್ ಅಂಗಡಿಯ ಹಿರಿಯರು ಕೇಳಿದ ಮೊದಲ ಮಾತು: "ಕಾಲುವೆಯೊಳಗೆ ಅಡ್ಡಗಟ್ಟೆ ಎಲ್ಲಿದೆ ತಮ್ಮಾ?" ಕಾರಿನ ಟೈರಿನ ಕಾಲುವೆಗಳಲ್ಲಿ ಅಲ್ಲಲ್ಲಿ 1.6 ಮಿಲಿಮೀಟರ್ ಎತ್ತರದ ಸಣ್ಣ ಅಡ್ಡಗಟ್ಟೆಗಳಿರುತ್ತವೆ. ಬಟನ್, ಅಂದರೆ ನೆಲಕ್ಕೆ ತಾಗುವ ಗೆರೆಗಳ ರಬ್ಬರ್, ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರಿನ ಕೆಲಸ ಮುಗಿಯಿತು. ನನ್ನ ಟೈರಿನಲ್ಲಿ ಅವು ಇರಲೇ ಇಲ್ಲ. ಸವೆದ ಟೈರಿನ ಮಸುಕು ಗೆರೆಗಳ ಮೇಲೆಯೇ ಕಾದ ಬ್ಲೇಡು ಓಡಿಸಿ ಆಳ ಮಾಡಿದ್ದರು; ಕಟ್ಟೆಗಳೂ ಕೊರೆದುಹೋಗಿದ್ದವು. ಚಿತ್ರಕ್ಕೆ ಹೊಂದಿದ್ದರ ಗುಟ್ಟು ಅದೇ. ಸೀಳು ಗೆರೆಯ ಗುಂಟವೇ ಹೋಗಿತ್ತು, ಒಳಗಿನ ನೂಲು ಕಾಣುತ್ತಿತ್ತು. ಹೀಗೆ ಮತ್ತೆ ಕೊರೆಯಲೆಂದೇ ತಳದಲ್ಲಿ ದಪ್ಪ ರಬ್ಬರ್ ಬಿಟ್ಟು ಮಾಡುವ ಲಾರಿ ಟೈರುಗಳಿವೆ, ಅವುಗಳ ಮೈಮೇಲೆ 'ರೀಗ್ರೂವಬಲ್' ಎಂಬ ಬರಹವಿರುತ್ತದೆ. ಕಾರಿನ ಟೈರಿಗೆ ಆ ದಪ್ಪ ಎಲ್ಲಿಂದ ಬರಬೇಕು? ತಯಾರಿಕೆಯ ಅಂಕಿ ಇದ್ದ ಮಗ್ಗುಲನ್ನು ಬೇಕೆಂದೇ ಒಳಗೆ ಮಾಡಿ ಕೂರಿಸಿದ್ದರು: 2315. ಅಂದರೆ 2015ನೇ ಇಸವಿಯ 23ನೇ ವಾರ. ರಬ್ಬರ್ ಗಟ್ಟಿಯಾಗಿ ಉಗುರು ಒತ್ತಿದರೂ ಇಳಿಯುತ್ತಿರಲಿಲ್ಲ.

ಹಾಗಾದರೆ ಆ ಸರ್ಕಾರದ ಪತ್ರ? ವಕೀಲನಾಗಿರುವ ನನ್ನ ಷಡ್ಡಕ ಬಿಡಿಸಿ ಹೇಳಿದ. 2000ನೇ ಇಸವಿಯ ವಿನ್ಯಾಸ ಕಾಯ್ದೆಯಡಿ ನೋಂದಣಿಯಾಗುವುದು ವಸ್ತುವಿನ ಹೊರನೋಟ ಮಾತ್ರ. ಟೈರುಗಳಿಗೆ ಅಲ್ಲಿ 12-15 ಎಂಬ ವರ್ಗವೇ ಇದೆ. ಆ ಗೆರೆಗಳ ಅಂದವನ್ನು ಬೇರೆ ಕಂಪನಿ ನಕಲು ಮಾಡದಂತೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ಕಾಯುತ್ತದೆ. ಕಾನೂನು ಅಳೆಯುವುದು ಕಣ್ಣಿಗೆ ಕಾಣುವುದನ್ನಷ್ಟೇ. ಹಿಡಿತ, ಬಾಳಿಕೆ, ಸುರಕ್ಷತೆ ಯಾವುದಕ್ಕೂ ಅದು ಜಾಮೀನಲ್ಲ. ಟೈರಿನ ಮೇಲೆ ಐಎಸ್‌ಐ ಗುರುತೂ ಇತ್ತು, ನಿಜ. ಅದು ಟೈರು ಹೊಸದಾಗಿದ್ದ ಕಾಲದ್ದು.

ಬಿಲ್ಲು ಕೇಳದೆ ಬಂದದ್ದು ನನ್ನ ದೊಡ್ಡ ತಪ್ಪು. ಮತ್ತೆ ಹೋದಾಗ "ಇದು ನಮ್ಮ ಅಂಗಡಿಯದಲ್ಲ" ಎಂದುಬಿಟ್ಟರು. ನಾನು ಕೊಂಡ ದಿನ ಅದೇ ಗೆರೆಯ ಇನ್ನೂ ನಾಲ್ಕು ಟೈರುಗಳು ಅಲ್ಲಿ ತೂಗುತ್ತಿದ್ದವು, ಈಗ ಒಂದೂ ಇರಲಿಲ್ಲ. ಇತ್ತೀಚೆಗೆ ಬಿಲ್ಲಿಲ್ಲದೆ ಟೈರು ಹಾಕಿಸಿಕೊಂಡವರು ನಾಳೆ ಗಾಡಿ ತೆಗೆಯುವ ಮೊದಲು ಕಾಲುವೆಯೊಳಗೆ ಬೆರಳಾಡಿಸಿ ಅಡ್ಡಗಟ್ಟೆ ಹುಡುಕಿ. ಸಿಗದಿದ್ದರೆ ಗಾಡಿ ಅಲ್ಲೇ ಇರಲಿ.